ತೂಬಿನಮ್ಮನ ಏರಿಗೆ ಬಂದ ಬೀವರ್ ಬಿಲ್ಲೆ

ಕಲ್ತೂಬಿನ ಕೊಪ್ಪಲು,
ರಾವಂದೂರು ಹೋಬಳಿ, ಪಿರಿಯಾಪಟ್ಟಣ ತಾಲ್ಲೂಕು
೧೮ ಜುಲೈ ೨೦೨೪

ಡೆಹ್ರಾಡೂನ್ ನಗರದಲ್ಲಿ ವಾಸವಾಗಿರುವ ಶ್ರೀಮತಿ ಸಂಘಮಿತ್ರ ಅವರಿಗೆ, ತೂಬಿನಮ್ಮನ ಪಾದಸೇವಕ ದಾಸಯ್ಯನ ಸವಿನಯ ವಂದನೆಗಳು.

ಮುಖಪರಿಚಯವಿಲ್ಲದ ವೃದ್ಧನೊಬ್ಬನ ಕಾಗದ ಕೈಸೇರಿದಾಗ ತಮಗೆ ಆಶ್ಚರ್ಯವಾಗಬಹುದು. ತಮ್ಮ ಹೆಸರನ್ನೂ ವಿಳಾಸವನ್ನೂ ನನಗೆ ಒದಗಿಸಿದ್ದು ಯಾವ ಮನುಷ್ಯನೂ ಅಲ್ಲ, ನಮ್ಮೂರ ಹಿರಿಕೆರೆಯ ಏರಿ. ಅದು ಹೇಗೆಂಬುದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಗಳಲ್ಲಿ ಕನ್ನಡ ಪಂಡಿತನಾಗಿದ್ದು ನಿವೃತ್ತನಾದವನು. ಈಗ ಎಪ್ಪತ್ತಾರರ ವಯಸ್ಸಿನಲ್ಲಿ ಏರಿಯ ಮೇಲಿನ ತೂಬಿನಮ್ಮನ ಗುಡಿಗೆ ದಿನವೂ ದೀಪ ಹಚ್ಚುತ್ತ, ಶ್ರಾವಣದ ಸಂಜೆಗಳಲ್ಲಿ ಊರವರಿಗೆ ಪುರಾಣ ಓದಿ ಅರ್ಥ ಹೇಳುತ್ತ ಕಾಲ ಕಳೆಯುತ್ತಿದ್ದೇನೆ. ಕಿವಿ ಮಂದವಾಗಿದೆ, ಎದುರು ನಿಂತು ಗಟ್ಟಿಯಾಗಿ ಹೇಳಿದ್ದು ಮಾತ್ರ ಕೇಳುತ್ತದೆ. ಆದಕಾರಣ ದೂರವಾಣಿ ನನಗೆ ನಿರುಪಯೋಗಿ. ಕಣ್ಣೂ ಲೇಖನಿಯೂ ಇನ್ನೂ ವಿಧೇಯವಾಗಿವೆ.

ಮೊನ್ನೆ ಸೋಮವಾರ ನಮ್ಮ ನೀರುಗಂಟಿ ದೇವರಾಜು, ಅಂದರೆ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವವನು, ಏರಿಯ ಹೊರಮೈಯಲ್ಲಿ ಲಂಟಾನ ಸವರುತ್ತಿದ್ದಾಗ ಒಂದು ಬಿಲ ಕಂಡನು. ಮುಳ್ಳುಹಂದಿ ಇರಬಹುದೆಂದು ಕೋಲು ಹಾಕಿದರೆ ಟಣ್ ಎಂದಿತಂತೆ. ಹೆಗಲವರೆಗೆ ಕೈ ತೂರಿಸಿ ಎಳೆದಾಗ ಬಂದದ್ದು ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಹೆಸರುಗಳನ್ನು ಬರೆದ ಕಾಗದದ ಸುರುಳಿ, ಒಂದು ತುಂಡು ಪೆನ್ಸಿಲು, ಮತ್ತು ಅಂಗೈಯಗಲದ ಬೆಳ್ಳಿಬಣ್ಣದ ಬಿಲ್ಲೆ. ಬಿಲ್ಲೆಗೆ ಕಟ್ಟಿದ್ದ ಚೀಟಿಯಲ್ಲಿ ಮೂರು ಭಾಷೆಗಳಲ್ಲಿ ತಮ್ಮ ವಿಳಾಸ, ಕೆಳಗೆ ಕನ್ನಡದಲ್ಲಿ ಒಂದು ಸಾಲು: "ನನ್ನನ್ನು ಒಡ್ಡಿನಿಂದ ಒಡ್ಡಿಗೆ ಕರೆದುಕೊಂಡು ಹೋಗಿ."

ಬಿಲ್ಲೆಯ ಮೇಲೆ ಒಂದು ಪ್ರಾಣಿಯ ಉಬ್ಬುಚಿತ್ರವಿದೆ. ಉಳಿಯಂಥ ಎರಡು ಹಲ್ಲು, ಗುಂಡು ಮೈ, ಅಗಲವಾದ ಚಪ್ಪಟೆ ಬಾಲ. ಬಹಳ ಗ್ರಂಥಗಳನ್ನು ಓದಿದವನೆಂಬ ಹೆಸರಿದ್ದರೂ ಇಂಥ ಜಂತುವಿನ ವರ್ಣನೆಯನ್ನು ನಾನು ಎಲ್ಲಿಯೂ ಕಾಣೆ. ಗುಡಿಯ ಮುಂದೆ ನಡೆದ ಚರ್ಚೆಯನ್ನು ಅವರವರ ಮಾತಿನಲ್ಲೇ ಬರೆಯುತ್ತೇನೆ.

"ಎಗ್ಗಣ ಕಣ್ ಮೇಷ್ಟ್ರೆ, ಹಲ್ಲು ನೋಡಿ" ಎಂದನು ದೇವರಾಜು.

"ಎಗ್ಗಣಕ್ಕೆ ಯಾವನ್ಲಾ ಬೆಳ್ಳಿ ಬಿಲ್ಲೆ ವಡೀತಾನೆ? ನಿನ್ ಮುಖ ವಡ್ಸಿದ್ರೂ ಇಷ್ಟು ಚೆಂದ ಬರಾಕಿಲ್ಲ ಬುಡು" ಎಂದವಳು ಅವನ ಅತ್ತಿಗೆ ಚೆಲುವಮ್ಮ.

ಏರಿಯ ಕೆಳಗೇ ಇಪ್ಪತ್ತೆರಡು ಮನೆಗಳ ಕೆಳಗೇರಿ ಇದೆ. ಅದರ ಮೊದಲನೆಯ ಮನೆ ಪುಟ್ಟಸಿದ್ದಮ್ಮನವರದು. ಎಂಬತ್ತು ದಾಟಿದವರು, ನನ್ನ ಪುರಾಣವನ್ನು ಒಂದು ಸಂಜೆಯೂ ತಪ್ಪಿಸದವರು. ಅವರು ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು, "ಬಾಲ ನೋಡ್ರೇ. ಬಿದಿರು ಎಣೆದಂಗೆ ಗೀಟು ಗೀಟಾಗಿ ಐತೆ. ಮೊರ ಅದು. ಅಮ್ಮನಿಗೆ ಬಾಗಿನದ ಮೊರ ಹೊತ್ಕೊಂಡು ಬಂದೈತೆ ಕಣ್ರೇ" ಎಂದರು. ಗೌರಿ ಹಬ್ಬದಂದು ತುಂಬಿದ ಕೆರೆಗೆ ಮೊರದ ಬಾಗಿನ ಅರ್ಪಿಸಿದ ಮೇಲೆಯೇ ತೂಬು ಎತ್ತುವುದು ನಮ್ಮಲ್ಲಿ ಪೂರ್ವದಿಂದ ಬಂದ ಕಟ್ಟಳೆ. ಈ ವರ್ಷವಾದರೋ ಕೆರೆ ಆಷಾಢದಲ್ಲೇ ಕೋಡಿಯ ಅಂಚಿಗೆ ಬಂದು ನಿಂತಿದೆ.

ಇದು ಯಾವ ಪ್ರಾಣಿ, ಯಾವ ಉದ್ದೇಶದಿಂದ ಇಲ್ಲಿಗೆ ಬಂದಿತು ಎಂಬುದನ್ನು ತಿಳಿಸಿ ಅನುಗ್ರಹಿಸಬೇಕು.

ಇಂತು ವಿಧೇಯ,
ದಾಸಯ್ಯ, ನಿವೃತ್ತ ಕನ್ನಡ ಪಂಡಿತ


ಡೆಹ್ರಾಡೂನ್
೨೯ ಜುಲೈ ೨೦೨೪

ಪೂಜ್ಯ ದಾಸಯ್ಯನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನನ್ನ ತವರು ಕೃಷ್ಣರಾಜನಗರ. ಊರು ಬಿಟ್ಟು ನಲವತ್ತು ವರ್ಷವಾಯಿತು. ಇಂಥ ಕನ್ನಡ ಕೈಗೆ ಬರದೆ ಎಷ್ಟೋ ಕಾಲವಾಗಿತ್ತು. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಮಾಸ್ತರರು ಕ್ಷಮಿಸಬೇಕು.

ಬಿಲ್ಲೆಯ ವಿಷಯ ಹೇಳುತ್ತೇನೆ. ಲೋಕದ ತುಂಬ ಒಂದು ಆಟ ನಡೆಯುತ್ತಿದೆ. ಆಡುವವರು ಚಿಕ್ಕ ಪೆಟ್ಟಿಗೆಗಳನ್ನು ಅಲ್ಲಲ್ಲಿ ಬಚ್ಚಿಟ್ಟು, ಜಾಗದ ಗುರುತನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಬೇರೆಯವರು ಮೊಬೈಲು ಹಿಡಿದು ಹುಡುಕಿ, ಸುರುಳಿಯಲ್ಲಿ ಹೆಸರು ಬರೆದು, ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಹೋಗುತ್ತಾರೆ. ಒಳಗಿರುವ ಬಿಲ್ಲೆಗಳು ಮಾತ್ರ ಪ್ರಯಾಣಿಕರು. ಸಿಕ್ಕವರು ಅವನ್ನು ಒಂದು ಪೆಟ್ಟಿಗೆಯಿಂದ ಮತ್ತೊಂದಕ್ಕೆ ಸಾಗಿಸಬೇಕು. ಪ್ರತಿ ಬಿಲ್ಲೆಗೂ ಒಂದು ನಂಬರು, ಒಂದು ಆಸೆ. ನನ್ನದರ ಆಸೆ ಒಡ್ಡಿನಿಂದ ಒಡ್ಡಿಗೆ ಹೋಗುವುದು. ಹೋದ ವರ್ಷ ಹೆಗ್ಗಡದೇವನಕೋಟೆಯ ಕಡೆ ನುಗು ಜಲಾಶಯದ ಬಳಿ ಇದೆ ಎಂದು ಯಾರೋ ನಮೂದಿಸಿದ್ದರು. ಆಮೇಲೆ ಸುದ್ದಿ ಇರಲಿಲ್ಲ.

ಆ ಪ್ರಾಣಿಯ ಹೆಸರು ಬೀವರ್. ತಣ್ಣನೆಯ ದೇಶಗಳಲ್ಲಿರುತ್ತದೆ. ಮರ ಕಡಿದು, ಕೋಲು ಮಣ್ಣು ಸೇರಿಸಿ ತೊರೆಗೆ ಅಡ್ಡಲಾಗಿ ಒಡ್ಡು ಕಟ್ಟುತ್ತದೆ. ಒಡ್ಡಿನಲ್ಲಿ ನೀರು ಸೋರುವ ಸದ್ದು ಕೇಳಿದರೆ ಸುಮ್ಮನಿರಲಾರದು. ಎದ್ದು ಹೋಗಿ ಮಣ್ಣು ತುರುಕಿ ಮುಚ್ಚಿ ಬರುತ್ತದೆ. ನಾನು ಮೂವತ್ತನಾಲ್ಕು ವರ್ಷ ಮಣ್ಣಿನ ಅಣೆಕಟ್ಟುಗಳ ಮಣ್ಣು ಪರೀಕ್ಷೆ ಮಾಡಿದ ಇಂಜಿನಿಯರು. ಅದಕ್ಕೇ ಈ ಪ್ರಾಣಿಯ ಮೇಲೆ ಅಕ್ಕರೆ. ಪುಟ್ಟಸಿದ್ದಮ್ಮನವರ ಮೊರದ ಮಾತು ಓದಿ ಒಬ್ಬಳೇ ನಕ್ಕೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಯಾರಾದರೂ ಕಬಿನಿಯ ಕಡೆ ಹೋಗುವವರಿದ್ದರೆ ಬಿಲ್ಲೆಯನ್ನು ಕೊಟ್ಟು ಕಳಿಸಿ. ನಾನೇ ಬರಬಹುದಿತ್ತು, ಎರಡೂ ಮಂಡಿಗೆ ಆಪರೇಷನ್ ಆಗಿದೆ, ದೀಪಾವಳಿಯವರೆಗೆ ಕದಲುವಂತಿಲ್ಲ.

ಗೌರವಗಳೊಂದಿಗೆ,
ಸಂಘಮಿತ್ರ

ಇನ್ನೊಂದು ಸಣ್ಣ ವಿಷಯ. ಬಿಲದೊಳಗೆ ಹೆಗಲವರೆಗೆ ಕೈ ಹೋಯಿತು ಎಂದಿದ್ದೀರಿ. ಅದರ ಕೊನೆ ಸಿಕ್ಕಿತೇ? ಸುಮ್ಮನೆ ಕುತೂಹಲ.


ಕಲ್ತೂಬಿನ ಕೊಪ್ಪಲು
೧೦ ಆಗಸ್ಟ್ ೨೦೨೪

ಶ್ರೀಮತಿ ಸಂಘಮಿತ್ರ ಅವರಿಗೆ ದಾಸಯ್ಯನ ವಂದನೆಗಳು. ತಮ್ಮ ಪತ್ರವು ಶ್ರಾವಣದ ಮೊದಲ ದಿನವೇ ತಲುಪಿದ್ದನ್ನು ಕೇವಲ ಅಂಚೆಯವರ ಚಾತುರ್ಯವೆಂದು ನಾನು ಎಣಿಸಲಾರೆ.

ಅಂದು ಸಂಜೆ ಗುಡಿಯಂಗಳದಲ್ಲಿ ಎಂದಿಗಿಂತ ಇಮ್ಮಡಿ ಜನ. ಪುರಾಣದ ಹೊತ್ತಿಗೆಯನ್ನು ಬಿಚ್ಚುವ ಮೊದಲೇ, "ಮೇಷ್ಟ್ರೆ, ಇವತ್ತು ಇಂಜಿನೇರಮ್ಮನ ಕಾಗ್ದ ಓದಿ, ಪುರಾಣ ನಾಳೀಕೆ ಓಡೋಯ್ತದಾ?" ಎಂದು ಚೆಲುವಮ್ಮ ಕೂಗಿದಳು. ಓದಿದೆನು. ವಾಚನ ಮಾಡುವವನು ಮೂಲವನ್ನಷ್ಟೇ ಓದಿ ಸುಮ್ಮನಾಗುವುದು ನಮ್ಮ ಪದ್ಧತಿಯಲ್ಲ. ಶ್ರೋತೃಗಳ ಗ್ರಹಿಕೆಗೆ ನಿಲುಕುವಂತೆ ಅಲ್ಲಲ್ಲಿ ಎರಡು ಮಾತು ಬಿಡಿಸಿ ಹೇಳಿದೆನು. ಒಡ್ಡು ಸೋರುವುದನ್ನು ಸಹಿಸದ ಜೀವಿ ಎಂಬ ವಾಕ್ಯ ಬಂದಾಗ ಹೆಂಗಸರು ಕೈಮುಗಿದರು. ಆ ಕ್ಷಣದಲ್ಲಿ ಸಭೆಯಲ್ಲಿ ಮೂಡಿದ ಭಾವವನ್ನು ಹೀಗೆಂದು ಬರೆಯಲು ನನ್ನಿಂದಾಗದು. ಇಷ್ಟು ವರ್ಷಗಳ ವಾಚನದಲ್ಲಿ ನನ್ನ ಮಾತು ಅಷ್ಟು ಆಳಕ್ಕೆ ಇಳಿದುದನ್ನು ನಾನು ಕಂಡಿರಲಿಲ್ಲ.

ಈಗ ಬಿಲ್ಲೆಯು ತೂಬಿನಮ್ಮನ ಪಾದದಲ್ಲಿದೆ, ಅರಿಸಿನ ಕುಂಕುಮ ಧರಿಸಿ. ಅದನ್ನು ಕಬಿನಿಗೆ ಕಳಿಸುವ ಮಾತೆತ್ತಿದರೆ ಊರು ನನ್ನನ್ನು ಕ್ಷಮಿಸದು. ತಮ್ಮ ಆಟದ ನಿಯಮಕ್ಕೆ ಇದರಿಂದ ಭಂಗ ಬಂದರೆ ಮನ್ನಿಸಬೇಕು.

ಮತ್ತೊಂದು ಸಂಗತಿಯನ್ನು ಸಂತೋಷದಿಂದ ತಿಳಿಸುತ್ತೇನೆ. ಬಿಲ್ಲೆಯನ್ನು ಪ್ರತಿಷ್ಠೆ ಮಾಡಿದ ಮೂರನೆಯ ದಿನ, ಏರಿಯ ಬುಡದಲ್ಲಿ, ಪುಟ್ಟಸಿದ್ದಮ್ಮನವರ ಹಿತ್ತಲಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಒಂದು ಒರತೆ ತಾನೇ ತಾನಾಗಿ ಕಾಣಿಸಿಕೊಂಡಿದೆ. ಕಿರುಬೆರಳಿನಷ್ಟು ಧಾರೆ. ಎದ್ದ ಬಾಯಿಯ ಸುತ್ತ ನಯವಾದ ಮರಳು ಉಂಗುರದಂತೆ ಕಟ್ಟಿಕೊಂಡು, ಯಾರೋ ಕುಂಕುಮದ ಭರಣಿಯನ್ನು ನೆಲದಲ್ಲಿ ಹೂತಿಟ್ಟಂತೆ ಕಾಣುತ್ತದೆ. ಜನ ಇದನ್ನು ಅಮ್ಮನ ತೀರ್ಥವೆಂದು ತಂಬಿಗೆಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದಾರೆ. ದೇವರಾಜು ಒಬ್ಬನೇ ಮುಖ ಗಂಟುಹಾಕಿಕೊಂಡು, "ಮೇಷ್ಟ್ರೆ, ಇದು ಚೆನ್ನಾಗಿಲ್ಲ ಕಣಿ" ಎಂದನು. ನೀರುಗಂಟಿಗಳಿಗೆ ನೀರಿನ ವಿಷಯದಲ್ಲಿ ಶಂಕೆ ಕುಲಧರ್ಮ.

ಬಿಲದ ಕೊನೆಯನ್ನು ಕೇಳಿದ್ದಿರಿ. ದೇವರಾಜು ಎಂಟು ಅಡಿಯ ಗಳ ಹಾಕಿ ನೋಡಿದನಂತೆ, ಕೊನೆ ಸಿಗಲಿಲ್ಲ.

ಇಂತು ವಿಧೇಯ,
ದಾಸಯ್ಯ


ಡೆಹ್ರಾಡೂನ್, ಸ್ಪೀಡ್ ಪೋಸ್ಟ್
೧೭ ಆಗಸ್ಟ್ ೨೦೨೪

ಪೂಜ್ಯರೆ,

ಈ ಕಾಗದವನ್ನು ದಯವಿಟ್ಟು ದೇವರಾಜುವಿಗೆ ಮೊದಲು ಓದಿ ಹೇಳಿ.

ಆ ಒರತೆಯ ನೀರು ತಿಳಿಯಾಗಿದೆಯೇ, ಬಗ್ಗಡವಾಗಿದೆಯೇ? ಒಂದು ಗಾಜಿನ ಲೋಟದಲ್ಲಿ ಹಿಡಿದು ಅರ್ಧ ಗಂಟೆ ಬಿಟ್ಟು ನೋಡಿ. ತಳದಲ್ಲಿ ಮಣ್ಣು ನಿಂತರೆ, ಆ ಮಣ್ಣು ಎಲ್ಲಿಂದಲೋ ಬಂದದ್ದಲ್ಲ, ಏರಿಯ ಹೊಟ್ಟೆಯಿಂದ ಬಂದದ್ದು. ಭರಣಿಯಂತೆ ಕಟ್ಟಿದೆ ಎಂದಿರಲ್ಲ, ಆ ಮರಳೂ ಏರಿಯದೇ. ನೀರು ಒಳಗೆ ಕೊಳವೆ ಕೊರೆಯುತ್ತಿದೆ. ಬಿಲದ ಕೊನೆ ಸಿಗದಿದ್ದರೆ ಅರ್ಧ ದಾರಿಯನ್ನು ಅದಕ್ಕೆ ಮುಳ್ಳುಹಂದಿಯೇ ಕೊರೆದುಕೊಟ್ಟಿದೆ.

ಕೆರೆಯ ನೀರನ್ನು ಇಳಿಸಲೇಬೇಕು. ತೂಬು ಎತ್ತಿಸಿ. ಕೋಡಿಯ ಕಲ್ಲು ಎರಡು ವರಸೆ ಕೀಳಿಸಿ. ಗೌರಿ ಹಬ್ಬದವರೆಗೆ ಕಾಯುವಂಥದ್ದಲ್ಲ ಇದು. ಒರತೆಯ ಬಾಯಿಯನ್ನು ಮಾತ್ರ ಮಣ್ಣಿನಿಂದ ಮುಚ್ಚಬೇಡಿ. ಸುತ್ತ ಮರಳುಚೀಲ ಇಟ್ಟು ಒಳಗೆ ಮರಳು, ಜಲ್ಲಿ ತುಂಬಿ. ನೀರು ಬರಲಿ, ಮಣ್ಣು ಬರಬಾರದು.

ನನ್ನ ಫೋನ್ ನಂಬರನ್ನು ಹಿಂಬದಿಯಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಯಾರಿಂದಲಾದರೂ ಮಾಡಿಸಿ. ದಿನದ ಯಾವ ಹೊತ್ತಾದರೂ ಸರಿ. ತಾಲ್ಲೂಕು ಕಚೇರಿಗೂ ಬರೆದಿದ್ದೇನೆ, ಆದರೆ ಕಚೇರಿಯ ಕಾಗದಗಳು ಹೇಗೆ ನಡೆಯುತ್ತವೆ ಎಂದು ನನಗೆ ಗೊತ್ತು.

ಕೆಳಗೇರಿಯ ಇಪ್ಪತ್ತೆರಡು ಮನೆಗಳಲ್ಲಿ ಎಷ್ಟು ಜನರಿದ್ದಾರೆ?

ಸಂಘಮಿತ್ರ


ಕಲ್ತೂಬಿನ ಕೊಪ್ಪಲು
೨೪ ಆಗಸ್ಟ್ ೨೦೨೪

ಶ್ರೀಮತಿ ಸಂಘಮಿತ್ರ ಅವರಿಗೆ ವಂದನೆಗಳು.

ತಮ್ಮ ಪತ್ರದಲ್ಲಿನ ಕಳವಳವು ತಮ್ಮ ವೃತ್ತಿಗೆ ಸಹಜವಾದದ್ದೇ. ದೂರದಲ್ಲಿರುವವರಿಗೆ ಸಣ್ಣದೂ ದೊಡ್ಡದಾಗಿ ತೋರುವುದುಂಟು. ಈ ಏರಿಯನ್ನು ಕಟ್ಟಿ ಎಷ್ಟು ತಲೆಮಾರಾಯಿತೆಂದು ಬಲ್ಲವರಿಲ್ಲ; ಅಮ್ಮ ಅದನ್ನು ಕಾಯ್ದುಕೊಂಡು ಬಂದಿದ್ದಾಳೆ.

ಫೋನ್ ಮಾಡಿಸಲಾಗಲಿಲ್ಲ. ನಮ್ಮೂರಿನಲ್ಲಿ ಸಿಗ್ನಲ್ ದುರ್ಬಲ.

ತಾವು ಕೇಳಿದ್ದಕ್ಕೆ ಉತ್ತರಿಸುತ್ತೇನೆ. ಒರತೆ ಮೊದಲು ತಿಳಿಯಾಗಿತ್ತು, ಈಗ ಗಂಧ ತೇಯ್ದ ನೀರಿನ ಬಣ್ಣಕ್ಕೆ ಬಂದಿದೆ. ಲೋಟದಲ್ಲಿ ಹಿಡಿದಿಟ್ಟಾಗ ತಳದಲ್ಲಿ ಎರಡು ಬೆರಳಷ್ಟು ಕೆಸರು ನಿಂತಿತು. ತಮ್ಮ ಪತ್ರ ಬರುವುದಕ್ಕೆ ಎರಡು ದಿನ ಮುಂಚೆಯೇ, ತೀರ್ಥ ಕದಡಿದ್ದನ್ನು ಕಂಡು ಗಂಡಸರು ಸೇರಿ ಒರತೆಯ ಬಾಯಿಗೆ ಕೋಲು ತುರುಕಿ, ಜೇಡಿಮಣ್ಣು ಮೆತ್ತಿ ಮುಚ್ಚಿಬಿಟ್ಟಿದ್ದರು. ಬಿಲ್ಲೆಯ ಪ್ರಾಣಿ ಮಾಡುವಂತೆಯೇ ಮಾಡಿದೆವೆಂದು ಅವರಿಗೆ ಹೆಮ್ಮೆ. ಮಾರನೆಯ ದಿನ ಅದರ ಎಡಬಲಗಳಲ್ಲಿ ಎರಡು ಹೊಸ ಒರತೆಗಳು ಎದ್ದವು.

ದೇವರಾಜುವಿಗೆ ತಮ್ಮ ಪತ್ರವನ್ನು ಓದಿ ಹೇಳಿದೆನು, ಒಬ್ಬನಿಗೇ. ಅವನು ಅಂದೇ ಗುಡಿಯ ಮುಂದೆ ತೂಬು ಎತ್ತುವ ಮಾತು ತೆಗೆದನು. ಆಗ ನಡೆದದ್ದು ಇಷ್ಟು.

"ಬಾಗಿನ ಬುಡದೆ ತೂಬು ಎತ್ತಾಕೆ ನಿಂಗ್ಯಾರ್ಲಾ ಅಪ್ಣೆ ಕೊಟ್ಟೋರು? ಇನ್ನ ಎಲ್ಡು ವಾರ ತಡ್ಕೊಳಾಕಾಗಲ್ವಾ ನಿಂಗೆ?" ಎಂದಳು ಚೆಲುವಮ್ಮ.

"ಅತ್ಗೆ, ಏರಿ ಒಳ್ಗೇ ತಿಂತಾ ಐತೆ. ನೀರು ಬಣ್ಣ ನೋಡು."

"ತಿನ್ನೋದು ನಿನ್ ತಲೆ. ಕೆಲ್ಸ ಕಮ್ಮಿ ಮಾಡ್ಕೊಳಾಕೆ ಏನಾರ ಹುಡುಕ್ತೀಯ."

ಪುಟ್ಟಸಿದ್ದಮ್ಮನವರು ದೇವರಾಜುವಿನ ಕೈ ಹಿಡಿದು ಸಮಾಧಾನ ಮಾಡಿದರು. "ಎದ್ರುಕೋಬೇಡ ಕಣಪ್ಪ. ಇಂಜಿನೇರಮ್ಮನೇ ಬರ್ದವಳಲ್ಲ, ಇದು ಕುಂತ ಏರಿಗೆ ಕೇಡಿಲ್ಲ ಅಂತ. ಮೇಷ್ಟ್ರು ಓದುದ್ರಲ್ಲ, ನೀನೂ ಕೇಳ್ದೆ."

ದೇವರಾಜು ನನ್ನ ಮುಖ ನೋಡಿದನು. ನಾನು ದೀಪದ ಬತ್ತಿ ಸರಿಮಾಡುತ್ತಿದ್ದೆನು.

ಗೌರಿ ಹಬ್ಬ ಸೆಪ್ಟೆಂಬರ್ ಆರಕ್ಕೆ. ಅಂದು ಮಧ್ಯಾಹ್ನವೇ ತೂಬು ಎತ್ತಿಸುತ್ತೇನೆಂದು ಮಾತು ಕೊಡುತ್ತೇನೆ. ಕೆಳಗೇರಿಯಲ್ಲಿ ತೊಂಬತ್ತೊಂದು ಜನರಿದ್ದಾರೆ.

ದಾಸಯ್ಯ


ಡೆಹ್ರಾಡೂನ್, ಸ್ಪೀಡ್ ಪೋಸ್ಟ್
೨೯ ಆಗಸ್ಟ್ ೨೦೨೪

ದಾಸಯ್ಯನವರೆ,

"ಇದು ಕೂತ ಏರಿಗೆ ಕೇಡಿಲ್ಲ" ಎಂದು ನಾನು ಬರೆದಿಲ್ಲ. ನನ್ನ ಮೊದಲ ಕಾಗದ ನಿಮ್ಮ ಹತ್ತಿರವೇ ಇದೆ, ತೆಗೆದು ನೋಡಿ. ಆ ವಾಕ್ಯ ಅದರಲ್ಲಿಲ್ಲ. ಅದನ್ನು ಯಾರು ಸೇರಿಸಿದರು ಎಂದು ನಾನು ಕೇಳುವುದಿಲ್ಲ. ತೊಂಬತ್ತೊಂದು ಜನ ಈಗ ಆ ಒಂದು ವಾಕ್ಯದ ಕೆಳಗೆ ಮಲಗುತ್ತಿದ್ದಾರೆ ಎಂದಷ್ಟೇ ಹೇಳುತ್ತೇನೆ.

ನಿಮ್ಮ ಪಂಚಾಯಿತಿಯ ನಂಬರು ಹುಡುಕಿ ಫೋನ್ ಮಾಡಿದೆ. ಎತ್ತಿದವರು, "ಗೊತ್ತು ಮೇಡಂ, ಮೇಷ್ಟ್ರು ನಿಮ್ಮ ಲೆಟರ್ ಓದಿದ್ರು, ನಿಮ್ಮಿಂದ ನಮ್ಮೂರಿಗೆ ಒಳ್ಳೇದಾಯ್ತು" ಎಂದು ಹೇಳಿ ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಸಿಗ್ನಲ್ ಚೆನ್ನಾಗಿಯೇ ಇತ್ತು.

ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಬಿಲದ ಆಳದ ಪ್ರಶ್ನೆ ಕುತೂಹಲದ್ದಲ್ಲ. ನಿಮ್ಮ ಮೊದಲ ಕಾಗದ ಓದುವಾಗಲೇ ಏರಿಗೆ ಅಪಾಯವಿದೆ ಎಂದು ಅನ್ನಿಸಿತ್ತು. ಹಿರಿಯರಿಗೆ ಬುದ್ಧಿ ಹೇಳಿದಂತಾಗಬಾರದೆಂದು ಕೊನೆಯಲ್ಲಿ ಸುಮ್ಮನೆ ಸೇರಿಸಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಅಣೆಕಟ್ಟಿನ ಬುಡದಲ್ಲಿ ನಾನು ಬಗ್ಗಡದ ನೀರು ಕಂಡಿದ್ದೆ. ವರದಿ ಬರೆದು ಮೇಲಧಿಕಾರಿಯ ಸಹಿಗಾಗಿ ಮೂರು ದಿನ ಕಾದೆ. ಕೂಗಿ ಹೇಳಬಹುದಿತ್ತು, ಹೇಳಲಿಲ್ಲ. ಕಟ್ಟೆ ಒಡೆದು, ಕೂಲಿಗೆ ಬಂದಿದ್ದ ಇಬ್ಬರು ಹೆಂಗಸರು ಹೋದರು. ಅವರ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ.

ಹಬ್ಬಕ್ಕೆ ಕಾಯಬೇಡಿ. ಮೊದಲು ಮನೆಗಳನ್ನು ಖಾಲಿ ಮಾಡಿಸಿ, ಆಮೇಲೆ ತೂಬು. ನಾನು ಹೇಳಿದರೆ ನಂಬುವುದಿಲ್ಲ, ನೀವು ಹೇಳಿದರೆ ನಂಬುತ್ತಾರೆ. ಈ ಸಲ ನಾನು ಬರೆದಿರುವುದನ್ನು ಬರೆದಿರುವಷ್ಟೇ ಓದಿ.

ಸಂಘಮಿತ್ರ


ಕೆಳಗೇರಿ, ಪುಟ್ಟಸಿದ್ದಮ್ಮನವರ ಜಗಲಿಯಿಂದ
೪ ಸೆಪ್ಟೆಂಬರ್ ೨೦೨೪, ಮಧ್ಯಾಹ್ನ

ಸಂಘಮಿತ್ರ ಅವರಿಗೆ,

ನಿಮ್ಮ ಕಾಗದ ನಿನ್ನೆ ಮಧ್ಯಾಹ್ನ ಬಂತು. ಆ ವಾಕ್ಯವನ್ನು ಸೇರಿಸಿದವನು ನಾನು. ಹೆಂಗಸರು ಕೈಮುಗಿದದ್ದನ್ನು ಕಂಡು ಮಾತು ತಾನಾಗಿ ಬಾಯಿಗೆ ಬಂತು. ಪುರಾಣದಲ್ಲಿ ಹಾಗೆ ಸೇರಿಸಿ ಅಭ್ಯಾಸ. ಅಲ್ಲಿ ಅದರಿಂದ ಯಾರಿಗೂ ಕೆಡುಕಾಗಿರಲಿಲ್ಲ. ಸಿಗ್ನಲ್ಲಿನ ಮಾತೂ ಸುಳ್ಳು. ಟವರು ಶಾಲೆಯ ಪಕ್ಕದಲ್ಲೇ ಇದೆ. ಫೋನಿನಲ್ಲಿ ನೀವು ನೇರವಾಗಿ ಮಾತನಾಡಿದರೆ ನನ್ನ ಸೇರ್ಪಡೆ ಬಯಲಾಗುತ್ತದೆಂದು ಅಂಜಿದೆ.

ನಿನ್ನೆ ಸಂಜೆ ಗುಡಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ನಿಮ್ಮ ಮೂರು ಕಾಗದಗಳನ್ನೂ ಓದಿದೆ, ಒಂದಕ್ಷರ ಕೂಡಿಸದೆ. ಆಮೇಲೆ ಚೆಲುವಮ್ಮ ಕೇಳಿದಳು, "ಅಂಗಾದ್ರೆ ಇಷ್ಟು ವರ್ಷ ನೀವು ಓದಿದ್ರಲ್ಲಿ ಎಷ್ಟು ನಿಜ ಮೇಷ್ಟ್ರೆ?" ಆದರೂ ಮೊದಲು ಎದ್ದವಳು ಅವಳೇ. "ಬೈಯ್ಯಾದು ಆಮೇಲೆ ಬೈಯ್ಯಾನ, ಮಕ್ಳುಮರೀನ ಎಬ್ಬಿಸ್ರಲಾ" ಎಂದು ಸೆರಗು ಸಿಕ್ಕಿಸಿ ಹೊರಟಳು.

ಇಪ್ಪತ್ತೊಂದು ಮನೆಯವರು ಶಾಲೆಗೆ ಹೋಗಿದ್ದಾರೆ. ದೇವರಾಜು ಮತ್ತು ನಾಲ್ಕು ಜನ ಬೆಳಿಗ್ಗೆಯಿಂದ ತೂಬಿನಲ್ಲಿದ್ದಾರೆ. ತೂಬಿನ ಗೂಟ ಗೇಣುದ್ದ ಎದ್ದು ಹೂಳಿನಲ್ಲಿ ಸಿಕ್ಕಿಕೊಂಡಿದೆ. ಕೋಡಿಯ ಕಲ್ಲು ಒಂದು ವರಸೆ ಕಿತ್ತಿದ್ದಾರೆ. ನೀರು ಇಳಿಯುತ್ತಿದೆ, ಬಹಳ ನಿಧಾನವಾಗಿ. ಒರತೆಗಳು ಈಗ ಐದು. ಒಂದರಲ್ಲಿ ಅಂಗೈ ಹಿಡಿಯುವಷ್ಟು ಧಾರೆ.

ಪುಟ್ಟಸಿದ್ದಮ್ಮನವರು ಎದ್ದಿಲ್ಲ. ಒರಳಿಗೆ ಒರಗಿ ಕೂತು ಹಬ್ಬಕ್ಕೆ ಅಕ್ಕಿ ಹಸನು ಮಾಡುತ್ತಿದ್ದಾರೆ. ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಅವತ್ತು ಓದಿ ಏಳಿದ್ದು ಸುಳ್ಳು ಅಂತೀರಿ" ಎಂದರು.

"ಹೌದಮ್ಮ."

"ಅವತ್ತು ಓದುವಾಗ ನಿಮ್ ಮುಖ ನೋಡಿದ್ದೆ ಕಣಯ್ಯ. ಬೆಳಕು ಬಂದಂಗಿತ್ತು. ಇವತ್ತು ಎದ್ರುಕೊಂಡಿದೀರ. ಎದ್ರುಕೊಂಡೋರ ಮಾತ ನಂಬ್ಲಾ, ಬೆಳಕು ಬಂದೋರ ಮಾತ ನಂಬ್ಲಾ?"

ಎತ್ತಿಕೊಂಡೇ ಹೋಗೋಣವೆಂದು ದೇವರಾಜು ಬಂದಿದ್ದನು. ನಾನು ಬೇಡವೆಂದೆ. ಅವರು ನನ್ನ ಮಾತು ನಂಬಿ ಕೂತವರು. ನನ್ನ ಮಾತು ನಂಬಿಯೇ ಏಳಬೇಕು ಎಂದು ನನಗೆ ಅನ್ನಿಸಿತು. ಅವರು ಏಳುವವರೆಗೆ ನಾನೂ ಇಲ್ಲೇ ಇರುತ್ತೇನೆ. ಈ ಕಾಗದವನ್ನು ದೇವರಾಜು ಅಂಚೆಗೆ ಹಾಕುತ್ತಾನೆ.

ದಾಸಯ್ಯ


ಸರ್ಕಾರಿ ಶಾಲೆ, ಕಲ್ತೂಬಿನ ಕೊಪ್ಪಲು
೧೪ ಸೆಪ್ಟೆಂಬರ್ ೨೦೨೪

ಸಂಘಮಿತ್ರ ಅವರಿಗೆ,

ಐದನೆಯ ತಾರೀಕು ಬೆಳಿಗ್ಗೆ ಏರಿ ಒಡೆಯಿತು. ಪುಟ್ಟಸಿದ್ದಮ್ಮನವರು ಹೋದರು. ಬೇರೆ ಯಾರಿಗೂ ಏನೂ ಆಗಲಿಲ್ಲ. ಕೆಳಗೇರಿಯಲ್ಲಿ ಈಗ ಗೋಡೆಗಳಿಲ್ಲ.

ಅಂದು ಬೆಳಿಗ್ಗೆ ಅವರು ಬರಲು ಒಪ್ಪಿದ್ದರು. "ಆಯ್ತು ಬುಡಿ, ನಿಮ್ ಸಂಕ್ಟ ನೋಡಾಕಾಗಲ್ಲ. ಅಮ್ಮನಿಗೆ ದೀಪ ಹಚ್ಚಿ ಬನ್ನಿ, ಒಂದಿನಾನೂ ತಪ್ಪಿಲ್ಲ ನೀವು. ನೀವು ಬರಾಗಂಟ ಸೀರೆ ಗಂಟು ಕಟ್ಕೊಂಡಿರ್ತೀನಿ" ಎಂದರು. ಆಗಲೇ ಕೈಹಿಡಿದು ಎಬ್ಬಿಸಬಹುದಿತ್ತು. ನಾನು ದೀಪ ಹಚ್ಚಲು ಹೋದೆ. ಅವರು ನನ್ನ ಮಾತಿಗೆ ಒಪ್ಪಿದರಲ್ಲ ಎಂದು ನನಗೆ ಸಂತೋಷವಾಗಿತ್ತು.

ಬತ್ತಿ ಹೊತ್ತಿಸಿ ತಿರುಗಿದಾಗ ದೇವರಾಜು ತೂಬಿನ ಕಡೆಯಿಂದ ಓಡಿಬರುತ್ತಿದ್ದನು. ಅವನ ಬಾಯಿ ತೆರೆದಿತ್ತು. ನನಗೆ ಏನೂ ಕೇಳಿಸಲಿಲ್ಲ. ಗುಡಿಯಿಂದ ಐವತ್ತು ಮಾರು ದೂರದಲ್ಲಿ ಏರಿಯ ನೆತ್ತಿ ಕುಸಿಯಿತು, ಮೆತ್ತನೆಯ ಹಾಸಿಗೆಯ ಮೇಲೆ ಯಾರೋ ಕೂತ ಹಾಗೆ. ಆಮೇಲೆ ಅಲ್ಲಿ ಏರಿ ಇರಲಿಲ್ಲ, ನೀರು ಇತ್ತು. ಕೆಳಗೆ ಪುಟ್ಟಸಿದ್ದಮ್ಮನವರು ತಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಕಂಕುಳಲ್ಲಿ ಗಂಟು ಇತ್ತು.

ದೇವರಾಜು ನನ್ನನ್ನು ಕೋಡಿಯ ಕಡೆಗೆ ಎಳೆದುಕೊಂಡು ಹೋದನು. ಸ್ವಲ್ಪ ಹೊತ್ತಿಗೆ ಗುಡಿಯೂ ಕುಸಿಯಿತು. ನಿಮ್ಮ ಬಿಲ್ಲೆ ಅದರ ಜೊತೆ ಹೋಗಿದೆ. ನಿಮ್ಮ ಆಟದ ಲೆಕ್ಕದಲ್ಲಿ ಕಳೆದುಹೋಗಿದೆ ಎಂದು ಬರೆದುಕೊಳ್ಳಿ.

ನೀವು ಇಬ್ಬರು ಹೆಂಗಸರ ವಿಷಯ ಬರೆದಾಗ ನಾನು ಅದನ್ನು ಕಥೆಯಂತೆ ಓದಿದ್ದೆ. ಕ್ಷಮಿಸಿ.

ನಿನ್ನೆ ಮಹಜರು ಬರೆಯಲು ಅಧಿಕಾರಿಯೊಬ್ಬರು ಬಂದರು. ಸಣ್ಣ ವಯಸ್ಸಿನವರು, ಒಳ್ಳೆಯವರು. ಬರೆದು ಮುಗಿಸಿ, "ತಾತ, ನೀವೇ ಎಲ್ಲರಿಗೂ ಓದಿ ಹೇಳಿಬಿಡಿ" ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಓದಿದೆ. "ಮೃತ ವೃದ್ಧೆಯು ಗ್ರಾಮಸ್ಥರು ಪದೇ ಪದೇ ಎಚ್ಚರಿಸಿದಾಗ್ಯೂ ಮನೆಯನ್ನು ತೊರೆಯಲು ನಿರಾಕರಿಸಿದ್ದು" ಎಂಬಲ್ಲಿ ನಿಂತೆ. ಅದರಲ್ಲಿ ಸುಳ್ಳಿಲ್ಲ. ಅವರು ಯಾಕೆ ನಿರಾಕರಿಸಿದರು ಎಂಬುದನ್ನೂ, ಎತ್ತಿಕೊಂಡು ಹೋಗಲು ಬಂದವನನ್ನು ತಡೆದವನು ನಾನೆಂಬುದನ್ನೂ ಬರೆಯಿರಿ ಎಂದು ಕೇಳಿದೆ.

"ಅದೆಲ್ಲ ಮಹಜರಿಗೆ ಬರಲ್ಲ ತಾತ. ಸೈನ್ ಹಾಕಿ, ಸಾಕು."

"ಹಾಕ್ಬುಡಿ ಮೇಷ್ಟ್ರೆ" ಎಂದಳು ಚೆಲುವಮ್ಮ. "ನಿಮ್ಮಿಂದೇನಾಯ್ತು? ತೊಂಬತ್ತು ಜನ ಉಳುದ್ರಲ್ಲ. ಅಜ್ಜೀನ ಅಮ್ಮ ಕರ್ಕೊಂಡ್ಳು." ಉಳಿದವರೂ ಹೌದೆಂದು ತಲೆದೂಗಿದರು. ಈ ಸಲ ಸೇರಿಸಿ ಹೇಳುತ್ತಿದ್ದವರು ಅವರು.

ನಾನು ಸಹಿ ಹಾಕಲಿಲ್ಲ. ಹಾಳೆಯನ್ನು ದೇವರಾಜುವಿನ ಕೈಗೆ ಕೊಟ್ಟು ಎದ್ದುಬಂದೆ. ಅಲ್ಲಿ ಹಾಕದ ಸಹಿಯನ್ನು ಇಲ್ಲಿ ಹಾಕುತ್ತಿದ್ದೇನೆ. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸಿ, ಯಾವ ಕಚೇರಿಗೆ ಬೇಕಾದರೂ ಕಳಿಸಿ. ಅವರ ಹೆಸರು ಪುಟ್ಟಸಿದ್ದಮ್ಮ. ಗಂಡನ ಹೆಸರು ಯಾರಿಗೂ ನೆನಪಿಲ್ಲ, ಇದ್ದಿದ್ದರೆ ಬರೆಯುತ್ತಿದ್ದೆ.

ದಾಸಯ್ಯ